ಸಂಪಾದಕರ ಉತ್ತರ: ಹುಡುಗಿಯರ ಅನಿಮೆಗೆ ಗಿರಾಕಿ ಇಲ್ವಾ?

ಶಿವಮೊಗ್ಗದಿಂದ ಬರೆದ ಓದುಗರಿಗೆ ನಮಸ್ಕಾರ.

ನಿಮ್ಮ ಕಾಗದ ಆರು ಪುಟ ಇದೆ. ಪೂರ್ತಿ ಅಚ್ಚು ಹಾಕುವಷ್ಟು ಜಾಗ ಇಲ್ಲ, ಅದಕ್ಕೆ ಉಳಿದ ಓದುಗರಿಗಾಗಿ ವಿಷಯ ಇಷ್ಟು ಅಂತ ಹೇಳಿಬಿಡುತ್ತೇನೆ. ಕಳೆದ ಸಂಚಿಕೆಯಲ್ಲಿ ಜಪಾನಿನ ಅನಿಮೆ, ಅಂದರೆ ಕಾರ್ಟೂನ್ ಕಥೆಗಳ ವ್ಯಾಪಾರದ ಬಗ್ಗೆ ಒಂದು ಲೇಖನ ಬಂದಿತ್ತು. ಅದರಲ್ಲಿ "ಹೆಣ್ಣುಮಕ್ಕಳಿಗೆಂದೇ ಮಾಡುವ ಅನಿಮೆಗೆ ಮಾರುಕಟ್ಟೆ ಚಿಕ್ಕದು, ಹಾಕಿದ ದುಡ್ಡು ಹುಟ್ಟುವುದು ಕಷ್ಟ" ಎಂಬ ಸಾಲಿತ್ತು. ನೀವು ಕೇಳಿದ್ದೀರಿ: "ಇದನ್ನು ಯಾರು ಹೇಳಿದ್ದು ಸಾರ್? ನಾವು ನೋಡಲ್ವಾ? ಕೊಳ್ಳಲ್ವಾ?" ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ: "ನಾವು ಕೊಳ್ಳುವುದು ನಿಜವಾದರೆ, ನನಗೆ ಇಷ್ಟವಾದ ಪ್ರೇಮಕಥೆಗಳೆಲ್ಲ ಒಂದೆರಡು ಸೀಸನ್ನಿಗೇ ಯಾಕೆ ನಿಂತುಹೋಗುತ್ತವೆ?"

ಮೊದಲನೆಯದಕ್ಕೆ ಉತ್ತರ ಸುಲಭ. ಆ ಸಾಲು ಲೇಖಕರದ್ದಲ್ಲ. ಪುಟದ ಕೊನೆಯಲ್ಲಿ ಎರಡು ಸಾಲು ಜಾಗ ಉಳಿದಿತ್ತು, ನಾನೇ ತುಂಬಿಸಿದೆ. ಎಲ್ಲೋ ಕೇಳಿದ ಮಾತು, ಪರೀಕ್ಷೆ ಮಾಡಲಿಲ್ಲ. ತಪ್ಪು ನನ್ನದು. ಎರಡನೆಯ ಪ್ರಶ್ನೆಗೆ ಮಾತ್ರ ಕೂತು ಯೋಚಿಸಬೇಕಾಯಿತು.

ಆ ಸಾಲು ಸುಳ್ಳು ಅನ್ನುವುದಕ್ಕೆ ಸೈಲರ್ ಮೂನ್ ಒಂದೇ ಸಾಕು. ನಾಓಕೊ ತಾಕೆಉಚಿ ಅವರ ಕಥೆ. ಹುಡುಗಿಯರ ಮಾಸಪತ್ರಿಕೆ ನಾಕಾಯೋಷಿಯಲ್ಲಿ ಬರುತ್ತಿತ್ತು. 1992ರ ಮಾರ್ಚ್‌ನಲ್ಲಿ ಟಿವಿ ಅಸಾಹಿಯಲ್ಲಿ ಅನಿಮೆ ಶುರುವಾಯಿತು. 1997ರಲ್ಲಿ ಮುಗಿಯುವ ಹೊತ್ತಿಗೆ ಸರಿಯಾಗಿ 200 ಕಂತು. ಇಲ್ಲಿ ಗಮನಿಸಬೇಕಾದ್ದು ಕಥೆಗಿಂತ ನಾಯಕಿಯ ಕೈಯಲ್ಲಿದ್ದ ಕೋಲು. ಅವಳು ರೂಪ ಬದಲಿಸಲು ಎದೆಗೊಂದು ಬ್ರೂಚ್ ಬೇಕು, ಕೇಡಿಗಳನ್ನು ಮಣಿಸಲು ಒಂದು ಮಂತ್ರದ ಕೋಲು ಬೇಕು. ಹೊಸ ಸೀಸನ್ ಬಂದ ಹಾಗೆ ಬ್ರೂಚೂ ಹೊಸದು, ಕೋಲೂ ಹೊಸದು. ಅವನ್ನೆಲ್ಲ ಬಂದಾಯ್ ಕಂಪನಿ ಆಟಿಕೆ ಮಾಡಿ ಮಾರಿತು. ಹೋದ ವರ್ಷದ ಕೋಲು ಇದ್ದರೂ ಮಗು ಈ ವರ್ಷದ್ದೇ ಬೇಕು ಅಂತ ಅಳುತ್ತದೆ. ಅಂಗಡಿಯಲ್ಲಿ ನಿಂತು ಅಳುವ ಮಗುವಿನ ಅಪ್ಪ ಏನು ಮಾಡುತ್ತಾನೆ ಅಂತ ನಿಮಗೂ ಗೊತ್ತು. 2004ರಲ್ಲಿ ಶುರುವಾದ ಪ್ರೀಕ್ಯೂರ್ ಇದೇ ದಾರಿ ಹಿಡಿಯಿತು. ಹುಡುಗಿಯರಿಗೂ ಕೈಕಾಲು ಬೀಸಿ ಹೊಡೆದಾಡುವ ಆಸೆ ಇರುತ್ತದೆ ಅನ್ನುವುದು ಅದನ್ನು ಮಾಡಿದವರ ಲೆಕ್ಕಾಚಾರ. ಭಾನುವಾರ ಬೆಳಗ್ಗೆ ಎಂಟೂವರೆಗೆ ಇವತ್ತಿಗೂ ಬರುತ್ತಿದೆ.

ಹಾಗಾದರೆ ನನ್ನಂಥವರ ಬಾಯಲ್ಲಿ ಆ ಮಾತು ಎಲ್ಲಿಂದ ಬಂತು? ಅಮೆರಿಕದಿಂದ ಬಂದಿರಬೇಕು ಅಂತ ನನ್ನ ಊಹೆ. ಅಲ್ಲಿ 1995ರಲ್ಲಿ ಸೈಲರ್ ಮೂನ್ ಹಾಕಿದರು. ಸುಮಾರು ಊರುಗಳಲ್ಲಿ ಅದು ಬರುತ್ತಿದ್ದದ್ದು ನಸುಕಿನಲ್ಲಿ, ಮಕ್ಕಳು ಹಾಸಿಗೆಯಲ್ಲಿ ಹೊರಳಾಡುವ ಹೊತ್ತಿನಲ್ಲಿ. 65 ಕಂತಿಗೆ ನಿಲ್ಲಿಸಿ, ಹುಡುಗಿಯರು ನೋಡಲಿಲ್ಲ ಅಂದರು. ಅಂಗಡಿಯ ಬಾಗಿಲೇ ತೆಗೆಯದೆ ಬೋಣಿ ಆಗಲಿಲ್ಲ ಅಂದ ಹಾಗೆ. ಅಭಿಮಾನಿಗಳು ಸುಮ್ಮನಿರಲಿಲ್ಲ. ಕಾಗದ ಬರೆದರು, ಸಹಿ ಕೂಡಿಸಿದರು. ಬಹಿಷ್ಕಾರದ ಬದಲು ಅದರ ಉಲ್ಟಾ ಮಾಡಿದರು: ಜಾಹೀರಾತು ಕೊಟ್ಟ ಕಂಪನಿಯ ಪಾಪ್ ಟಾರ್ಟ್ಸ್ ತಿಂಡಿ ಎಲ್ಲರೂ ಕೊಂಡು, "ನೋಡಿ, ಗಿರಾಕಿ ನಾವೇ" ಅಂತ ತೋರಿಸಿದರು. 1998ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಅದೇ ಧಾರಾವಾಹಿಯನ್ನು ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಹಾಕಿತು. ಓಡಿತು. ಧಾರಾವಾಹಿ ಅದೇ, ಹುಡುಗಿಯರೂ ಅವರೇ, ಬದಲಾದದ್ದು ಗಡಿಯಾರ.

ಇಷ್ಟಾದರೂ ಬುದ್ಧಿ ಬಂತು ಅನ್ನಬೇಡಿ. 2000ದಲ್ಲಿ ಅದೇ ದೇಶದಲ್ಲಿ ಕಾರ್ಡ್‌ಕ್ಯಾಪ್ಟರ್ ಸಕುರಾ ಬಂತು. ಸಕುರಾ ಎಂಬ ಹುಡುಗಿಯ ಕಥೆ, ಕ್ಲ್ಯಾಂಪ್ ಎಂಬ ಹೆಂಗಸರ ತಂಡ ಬರೆದದ್ದು. ಅಮೆರಿಕದವರು ಹೆಸರಿನಿಂದ ಸಕುರಾಳನ್ನೇ ತೆಗೆದು ಬರೀ ಕಾರ್ಡ್‌ಕ್ಯಾಪ್ಟರ್ಸ್ ಮಾಡಿದರು. ಮೊದಲ ಏಳು ಕಂತು ಬಿಟ್ಟು, ಹುಡುಗನೊಬ್ಬ ಕಾಲಿಡುವ ಎಂಟನೆಯ ಕಂತಿನಿಂದ ಶುರು ಮಾಡಿದರು. ಗಂಡುಹುಡುಗರು ನೋಡಲಿ ಅಂತ! 70 ಕಂತಿನಲ್ಲಿ ಅಲ್ಲಿನ ಚಾನೆಲ್ ತೋರಿಸಿದ್ದು 39. ಅಡುಗೆಯನ್ನೇ ಕೆಡಿಸಿ ಊಟಕ್ಕೆ ಜನ ಬರಲಿಲ್ಲ ಅಂದರೆ ಏನು ಹೇಳೋದು?

ಈಗ ನಿಮ್ಮ ಎರಡನೆಯ ಪ್ರಶ್ನೆ. ಇದಕ್ಕೆ ಉತ್ತರ ನನಗೆ ಹೊಳೆದದ್ದು ಬೆಂಗಳೂರಿನ ಒಂದು ದರ್ಶಿನಿಯಲ್ಲಿ. ಅಕ್ಕನ ಮಗಳ ಜೊತೆ ತಿಂಡಿಗೆ ಹೋಗಿದ್ದೆ. ಮಸಾಲೆ ದೋಸೆ ಬಂತು. ಅವಳು ಕೈ ತೊಳೆದು ಬಂದು, ಬ್ಯಾಗಿನಿಂದ ಬೆರಳುದ್ದದ ಅಕ್ರಿಲಿಕ್ ಬೊಂಬೆ ತೆಗೆದಳು. ಚಪ್ಪಟೆ ಚಿತ್ರ, ಕೆಳಗೊಂದು ಪುಟ್ಟ ಪೀಠ. ಚಟ್ನಿ ಬಟ್ಟಲಿನ ಪಕ್ಕ ನಿಲ್ಲಿಸಿದಳು. ಜಾಗ ಸರಿ ಹೋಗಲಿಲ್ಲ, ದೋಸೆಯ ಇನ್ನೊಂದು ಬದಿಗೆ ಇಟ್ಟಳು. ಫೋಟೊ ತೆಗೆದಳು. ಆಮೇಲೆ ಟಿಶ್ಯೂನಲ್ಲಿ ಒರೆಸಿ, ಚೀಲಕ್ಕೆ ಹಾಕಿ, ಆರಿದ ದೋಸೆ ತಿಂದಳು. "ಯಾರೇ ಇವನು?" ಅಂದೆ. "ನನ್ನ ಒಷಿ, ಮಾಮ" ಅಂದಳು. ಒಷಿ ಅಂದರೆ ಜಪಾನಿ ಅಭಿಮಾನಿಗಳ ಮಾತಿನಲ್ಲಿ ನಾವು ಬೆನ್ನಿಗೆ ನಿಂತ, ನಮ್ಮವನು ಅಂತ ಆರಿಸಿಕೊಂಡ ವ್ಯಕ್ತಿ. ಕಥೆ ಎಷ್ಟು ಸಲ ನೋಡಿದೆ ಅಂತ ಕೇಳಿದೆ. ಎರಡು ಸಲ. ಅವನ ಸಾಮಾನು ಎಷ್ಟಿದೆ ಅಂತ ಕೇಳಿದೆ. ಅವಳು ಉತ್ತರ ಕೊಡದೆ ಕಾಫಿ ತರಲು ಹೋದಳು.

ವ್ಯಾಪಾರ ಇರುವುದು ಇಲ್ಲೇ. ನೋಡುವವರು ಇದ್ದಾರೋ ಇಲ್ಲವೋ ಅನ್ನುವುದು ಪ್ರಶ್ನೆಯೇ ಅಲ್ಲ. ನೋಡಿ ಮುಗಿಸಿದ ಮೇಲೆ ಅವರ ಕೈಗೆ ಕೊಡಲು ಏನಿದೆ ಅನ್ನುವುದು ಪ್ರಶ್ನೆ.

ಟೋಕಿಯೊದ ಇಕೆಬುಕುರೊದಲ್ಲಿ ಒತೊಮೆ ರೋಡ್ ಅಂತ ಒಂದು ಬೀದಿಯೇ ಇದೆ. ಒತೊಮೆ ಅಂದರೆ ಹುಡುಗಿ. ಆನಿಮೇಟ್ ಅಂಗಡಿ 1983ರಲ್ಲಿ ಹುಟ್ಟಿದ್ದೂ ಇಕೆಬುಕುರೊದಲ್ಲೇ. ಇಂಥ ಕಡೆ ಜಾಸ್ತಿ ಕಾಣುವ ಸಾಮಾನು ಅಂದರೆ ದುಂಡಗಿನ ತಗಡಿನ ಬ್ಯಾಡ್ಜು. ಒಂದಕ್ಕೆ 400–500 ಯೆನ್. ಲಕೋಟೆಯೊಳಗೆ ಯಾರಿದ್ದಾನೆ ಅಂತ ಬಿಚ್ಚುವವರೆಗೂ ಗೊತ್ತಾಗಲ್ಲ. ತಂಡದಲ್ಲಿ ಹತ್ತು ಹುಡುಗರಿದ್ದು ನಿಮಗೆ ಒಬ್ಬನೇ ಬೇಕಾದರೆ, ಉಳಿದ ಒಂಬತ್ತು ಜನರನ್ನು ದಾಟಿ ಅವನ ಹತ್ತಿರ ಹೋಗಬೇಕು. ಬೇಡವಾದದ್ದನ್ನು ಹತ್ತಿರದ ಪಾರ್ಕಿನಲ್ಲಿ ಕೂತು ಇನ್ನೊಬ್ಬರ ಜೊತೆ ಬದಲಾಯಿಸಿಕೊಳ್ಳುತ್ತಾರೆ. ಒಬ್ಬನದೇ ಬ್ಯಾಡ್ಜುಗಳನ್ನು ಹಲಸಿನ ಮುಳ್ಳಿನ ಹಾಗೆ ಒತ್ತೊತ್ತಾಗಿ ಚುಚ್ಚಿ, ಪಾರದರ್ಶಕ ಕಿಟಕಿ ಇರುವ ಚೀಲದಲ್ಲಿ ತೋರಿಸಿಕೊಂಡು ಓಡಾಡುತ್ತಾರೆ. ಅದಕ್ಕೆ ಇತಾ-ಬ್ಯಾಗ್ ಅಂತ ಹೆಸರು. ಇತಾಯ್ ಅಂದರೆ ನೋವು. ನೋಡಿದವರಿಗೆ ನೋವೋ ಕೊಂಡವರ ಪರ್ಸಿಗೆ ನೋವೋ ಅಂತ ಅವರೇ ತಮಾಷೆ ಮಾಡಿಕೊಳ್ಳುತ್ತಾರೆ.

ಥಿಯೇಟರಿಗೆ ಬನ್ನಿ. 2016ರ ಜನವರಿಯಲ್ಲಿ ಕಿಂಗ್ ಆಫ್ ಪ್ರಿಸಂ ಎಂಬ ಚಿತ್ರ ಬರೀ 14 ಥಿಯೇಟರಿನಲ್ಲಿ ಬಿಡುಗಡೆ ಆಯಿತು. ಪುಟ್ಟ ಹುಡುಗಿಯರಿಗೆ ಮಾಡಿದ ಒಂದು ಟಿವಿ ಸರಣಿಯಲ್ಲಿ ಪಕ್ಕದಲ್ಲಿದ್ದ ಹುಡುಗರನ್ನು ಮುಂದಕ್ಕೆ ತಂದ ಚಿತ್ರ. ಯಾರಿಗೂ ದೊಡ್ಡ ನಿರೀಕ್ಷೆ ಇರಲಿಲ್ಲ. ಆದರೆ ಕೂಗುವ ಪ್ರದರ್ಶನ ಅಂತ ಇಟ್ಟರು. ಬಣ್ಣದ ಬೆಳಕಿನ ಕೋಲು ಬೀಸಬಹುದು, ಹೆಸರು ಹಿಡಿದು ಕಿರುಚಬಹುದು. ಒಂದು ದೃಶ್ಯದಲ್ಲಿ ಹುಡುಗ ನಿಮ್ಮನ್ನು ಸೈಕಲ್ ಹಿಂದೆ ಕೂರಿಸಿಕೊಂಡು ಹೋಗುತ್ತಾನೆ. ಅವನು ಮಾತಾಡುತ್ತಾನೆ. ಹುಡುಗಿಯ ಮಾತು ಬರೀ ಅಕ್ಷರವಾಗಿ ಪರದೆಯ ಮೇಲೆ ಬರುತ್ತದೆ, ದನಿ ಇಲ್ಲ. ದನಿ ಕೊಡಬೇಕಾದವರು ನೀವು. ಇಡೀ ಥಿಯೇಟರ್ ಒಟ್ಟಿಗೆ ಆ ಸಾಲು ಓದುತ್ತದೆ. ಇಂಥ ಚಿತ್ರವನ್ನು ಮನೆಯಲ್ಲಿ ಒಬ್ಬರೇ ನೋಡಿ ಏನು ಪ್ರಯೋಜನ? ಹತ್ತು ಸಲ, ಇಪ್ಪತ್ತು ಸಲ ಹೋದವರಿದ್ದಾರೆ. ಕೊನೆಗೆ ಸುಮಾರು 80 ಕೋಟಿ ಯೆನ್ ಬಂತು. ನಮ್ಮಲ್ಲಿ ಅಣ್ಣಾವ್ರ ಚಿತ್ರಕ್ಕೆ ಗಾಂಧಿನಗರದಲ್ಲಿ ಚಿಲ್ಲರೆ ಎರಚಿ ಶಿಳ್ಳೆ ಹೊಡೆದ ಕಾಲ ನೋಡಿದ ನನಗೆ ಇದು ಹೊಸದು ಅನ್ನಿಸಲಿಲ್ಲ. ಹೊಸದು ಅನ್ನಿಸಿದ್ದು ಶಿಳ್ಳೆ ಹೊಡೆಯುವವರು ಹೆಂಗಸರು ಅನ್ನುವುದು.

2019ರಲ್ಲಿ ಉತಾ ನೋ ಪ್ರಿನ್ಸ್-ಸಾಮಾ ಸರಣಿಯ ಚಿತ್ರ ಬಂತು. ಕಥೆಯೇ ಇಲ್ಲ, ಹುಡುಗರ ಸಂಗೀತ ಕಛೇರಿ ಅಷ್ಟೇ. ಸುಮಾರು 180 ಕೋಟಿ ಯೆನ್. 2023ರಲ್ಲಿ ಐಡಾಲಿಷ್ ಸೆವೆನ್ ಅದೇ ಬಗೆಯ ಕಛೇರಿಯನ್ನು ಎರಡು ದಿನದ ಎರಡು ಆವೃತ್ತಿ ಮಾಡಿ ಬಿಟ್ಟಿತು. ಅಭಿಮಾನಿ ಒಂದನ್ನೇ ನೋಡಿ ಸುಮ್ಮನಾಗುತ್ತಾಳಾ? ಅದರ ಗಳಿಕೆ 280 ಕೋಟಿಯ ಆಸುಪಾಸು.

ಇನ್ನೊಂದು ಉದಾಹರಣೆ ನನಗೆ ತುಂಬ ಇಷ್ಟ. ಟೋಕೆನ್ ರಾನ್ಬು ಎಂಬ ಆನ್‌ಲೈನ್ ಆಟ 2015ರಲ್ಲಿ ಬಂತು, ಅನಿಮೆ ಆಮೇಲೆ. ಜಪಾನಿನ ಹಳೆಯ ಪ್ರಸಿದ್ಧ ಕತ್ತಿಗಳೆಲ್ಲ ಚೆಂದದ ಗಂಡಸರಾಗಿ ಬರುತ್ತವೆ. ಅದರಲ್ಲಿ ಹೊತಾರುಮಾರು ಅಂತ ಒಬ್ಬ. ಆ ಹೆಸರಿನ ನಿಜವಾದ ಕತ್ತಿ ಆಸೊ ದೇವಸ್ಥಾನದ್ದು, ಎರಡನೇ ಮಹಾಯುದ್ಧದ ನಂತರ ಕಾಣೆಯಾಯಿತು. 2015ರಲ್ಲಿ ಅದರ ಪ್ರತಿಯನ್ನು ಮತ್ತೆ ಬಡಿದು ಮಾಡಲು ಕಮ್ಮಾರರು ಜನರ ಹತ್ತಿರ 55 ಲಕ್ಷ ಯೆನ್ ಕೇಳಿದರು. ಆಟದ ಅಭಿಮಾನಿಗಳು ಮುಗಿಬಿದ್ದರು, ನಾಲ್ಕೂವರೆ ಕೋಟಿಯ ಹತ್ತಿರ ಬಂತು.

ಇನ್ನು ನಿಮ್ಮ ಪ್ರೇಮಕಥೆಗಳು. ಅನಿಮೆಗೆ ದುಡ್ಡು ಹಾಕುವುದು ಒಬ್ಬರಲ್ಲ. ಪ್ರಕಾಶಕರು, ಟಿವಿಯವರು, ಮ್ಯೂಸಿಕ್ ಕಂಪನಿ, ಆಟಿಕೆ ಕಂಪನಿ ಸೇರಿ ಒಂದು ಸಮಿತಿ ಮಾಡಿಕೊಳ್ಳುತ್ತಾರೆ. ಪ್ರತಿಯೊಬ್ಬರೂ ತಮ್ಮ ತಮ್ಮ ಬಾಗಿಲಿನಿಂದ ದುಡ್ಡು ಎತ್ತಬೇಕು. ಹುಡುಗಿಯರ ಪತ್ರಿಕೆಯ ಪ್ರೇಮಕಥೆಯಲ್ಲಿ ಸಾಮಾನ್ಯವಾಗಿ ಒಬ್ಬಳು ಹುಡುಗಿ, ಒಬ್ಬ ಹುಡುಗ, ಮಧ್ಯೆ ಶಾಲೆಯ ಕಾರಿಡಾರು. ಮಂತ್ರದ ಕೋಲಿಲ್ಲ. ಹತ್ತು ಜನರಲ್ಲಿ ನಮ್ಮವನನ್ನು ಆರಿಸುವ ಅವಕಾಶವೂ ಇಲ್ಲ. ಇರುವ ಒಬ್ಬ ಆಗಲೇ ನಾಯಕಿಯ ಪಾಲು! ಹಾಗಾಗಿ ಇಲ್ಲಿ ನಿಜಕ್ಕೂ ಮಾರಾಟವಾಗುವುದು ಮಾಂಗಾ ಪುಸ್ತಕ, ಅಂದರೆ ಕಥೆಯ ಮೂಲ ಕಾಮಿಕ್ಸ್. ಅನಿಮೆ ಅದಕ್ಕೆ ಜಾಹೀರಾತು. ಒಂದು ಸೀಸನ್ ನೋಡಿ ಜನ ಪುಸ್ತಕ ಕೊಂಡರೆ ಪ್ರಕಾಶಕರ ಕೆಲಸ ಮುಗಿಯಿತು. ನಿಮಗೆ ಕಥೆ ಅರ್ಧಕ್ಕೆ ನಿಂತಿರುತ್ತದೆ, ಅವರ ಲೆಕ್ಕ ಪೂರ್ತಿಯಾಗಿರುತ್ತದೆ.

ನೀವು ಕಾಗದದಲ್ಲಿ ಹೆಸರಿಸಿದ ಕಿಮಿ ನಿ ತೊದೊಕೆಯನ್ನೇ ತಗೊಳ್ಳಿ. ಮೊದಲ ಸೀಸನ್ 2009ರಲ್ಲಿ, ಎರಡನೆಯದು 2011ರಲ್ಲಿ. ಮೂರನೆಯದು ಬಂದದ್ದು 2024ರಲ್ಲಿ, ನೆಟ್‌ಫ್ಲಿಕ್ಸ್‌ನಲ್ಲಿ. ಫ್ರೂಟ್ಸ್ ಬಾಸ್ಕೆಟ್ 2001ರಲ್ಲಿ 26 ಕಂತಿಗೆ ನಿಂತಿತು. 2019ರಿಂದ ಮತ್ತೆ ಮೊದಲಿನಿಂದ ಮಾಡಿ, 63 ಕಂತಿನಲ್ಲಿ ಕಥೆ ಮುಗಿಸಿದರು. ಯಾಕೆ ಈಗ? ತಿಂಗಳ ಚಂದಾ ತೆಗೆದುಕೊಳ್ಳುವ ಕಂಪನಿಗೆ ಬ್ಯಾಡ್ಜು ಬೇಕಿಲ್ಲ, ನೀವು ಚಂದಾ ಬಿಡದೆ ಇದ್ದರೆ ಸಾಕು. ಹಳೆಯ ಕಥೆಯ ಬಾಕಿ ಭಾಗಕ್ಕೆ ಕಾದು ಕೂತವರಿಗಿಂತ ಒಳ್ಳೆಯ ಚಂದಾದಾರರು ಎಲ್ಲಿ ಸಿಗುತ್ತಾರೆ? ಹಾಗಾಗಿ ಪ್ರೇಮಕಥೆಗೆ ಈಗ ಹೊಸ ಬಾಗಿಲು ತೆಗೆದಿದೆ ಅಂತ ನನಗೆ ಅನ್ನಿಸುತ್ತದೆ.

ಗೆದ್ದರೂ ಮುಂದಿನದು ಬರುತ್ತದೆ ಅಂತ ಗ್ಯಾರಂಟಿ ಇಲ್ಲ, ಅದನ್ನೂ ಹೇಳಿಬಿಡಬೇಕು. 2016ರ ಯೂರಿ ಆನ್ ಐಸ್ ನೆನಪಿದೆಯಲ್ಲ, ಸಯೊ ಯಮಾಮೊಟೊ ನಿರ್ದೇಶನದ ಸ್ಕೇಟಿಂಗ್ ಕಥೆ? ಅದರಲ್ಲಿ ಕಾಣುವ ಊರಿಗೆ ಮಾದರಿಯಾದ ಕರಾತ್ಸು ಪಟ್ಟಣಕ್ಕೆ ಅಭಿಮಾನಿಗಳು ಹುಡುಕಿಕೊಂಡು ಹೋದರು. ಚಿತ್ರ ಮಾಡುತ್ತೇವೆ ಅಂದರು. ವರ್ಷಗಟ್ಟಲೆ ಕಾದ ಮೇಲೆ 2024ರ ಏಪ್ರಿಲ್‌ನಲ್ಲಿ ಕೈಬಿಟ್ಟೆವು ಅಂದರು. ಹುಡುಗಿಯರು ಕೊಳ್ಳಲಿಲ್ಲ ಅಂತ ಇದಕ್ಕೆ ಮಾತ್ರ ಯಾರೂ ಹೇಳಲಾರರು.

ಲೆಕ್ಕದ ಪುಸ್ತಕದಲ್ಲಿ ಇನ್ನೊಂದು ಗೋಜಲಿದೆ. ಹೈಕ್ಯೂ ಎಂಬ ವಾಲಿಬಾಲ್ ಕಥೆ ಬಂದದ್ದು ಹುಡುಗರ ವಾರಪತ್ರಿಕೆಯಲ್ಲಿ. ಹಾಗಾಗಿ ಅದು ಹುಡುಗರ ಅನಿಮೆ. 2024ರ ಅದರ ಚಿತ್ರ ಜಪಾನಿನಲ್ಲಿ 1,100 ಕೋಟಿ ಯೆನ್ ದಾಟಿತು. ಆದರೆ ಆ ವಾಲಿಬಾಲ್ ಹುಡುಗರ ಬ್ಯಾಡ್ಜು ಚುಚ್ಚಿಕೊಂಡ ಚೀಲಗಳು ಯಾರ ಹೆಗಲಲ್ಲಿವೆ? ದುಡ್ಡು ಹೆಣ್ಣುಮಕ್ಕಳ ಪರ್ಸಿನಿಂದಲೂ ಬರುತ್ತದೆ, ಜಮಾ ಆಗುವುದು ಹುಡುಗರ ಖಾತೆಗೆ. ನನ್ನ ಆ ಎರಡು ಸಾಲಿನ ತಪ್ಪಿಗೆ ಇದೂ ಒಂದು ಮೂಲ ಇರಬೇಕು.

ಒಂದು ವಿಷಯದಲ್ಲಿ ಮಾತ್ರ ನಿಮ್ಮಷ್ಟು ಖುಷಿ ನನಗಿಲ್ಲ. ಬಿಚ್ಚಿದ ಮೇಲಷ್ಟೇ ಗೊತ್ತಾಗುವ ಲಕೋಟೆ ಲಾಟರಿಯ ಪಕ್ಕದ ಮನೆಯದ್ದು. ಅನಿಮೆಯ ಡಿಸ್ಕ್ ಕೊಂಡರೆ ಕಲಾವಿದರ ಕಾರ್ಯಕ್ರಮದ ಟಿಕೆಟ್ಟಿಗೆ ಅರ್ಜಿ ಹಾಕುವ ಚೀಟಿ ಸಿಗುತ್ತದೆ. ಒಂದು ಚೀಟಿಗಿಂತ ಮೂರು ಚೀಟಿ ಮೇಲು ಅಂತ ಒಂದೇ ಡಿಸ್ಕನ್ನು ಮೂರು ಕೊಳ್ಳುವವರಿದ್ದಾರೆ. ಇದನ್ನು ಪ್ರೀತಿ ಅಂತ ಕರೆಯಿರಿ, ಬೇಡ ಅನ್ನಲ್ಲ. ಪಾರ್ಟ್ ಟೈಮ್ ಕೆಲಸದ ಸಂಬಳ ಹೀಗೆ ಹೋಗುವುದನ್ನು ನೋಡುವಾಗ ಮಾಮನಾದವನಿಗೆ ಹೊಟ್ಟೆ ಉರಿಯುತ್ತದೆ, ಅಷ್ಟೇ.

ತಿದ್ದುಪಡಿ ಇದೇ ಸಂಚಿಕೆಯಲ್ಲಿ ಬಂದಿದೆ. ಆ ಸಾಲು ಬರೆದದ್ದು ಲೇಖಕರಲ್ಲ, ಸಂಪಾದಕ ಅಂತಲೂ ಹಾಕಿಸಿದ್ದೇನೆ. ನಿಮ್ಮ ಕಾಗದದ ಕೊನೆಯಲ್ಲಿ ನಿಮ್ಮ ಚೀಲದ ಚಿತ್ರ ಬರೆದಿದ್ದೀರಲ್ಲ, ಅದನ್ನು ಅಕ್ಕನ ಮಗಳಿಗೆ ತೋರಿಸಿದೆ. ಅವಳು 31 ಬ್ಯಾಡ್ಜು ಎಣಿಸಿದಳು. ಎಲ್ಲದರಲ್ಲೂ ಒಬ್ಬನೇ ಇದ್ದಾನೆ, ಆದರೆ ಮುಖ ಬರೆದಿಲ್ಲ. ಯಾರು ಅಂತ ಅವಳು ಎರಡು ದಿನದಿಂದ ಕೇಳುತ್ತಿದ್ದಾಳೆ. ಒಂದು ಕಾರ್ಡ್ ಹಾಕಿ.