ಸೊಂಟ ನೋವಿಗೆ ನೇರವಾಗಿ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಬಹುದಾ? ಇಳಕಲ್‌ನಲ್ಲಿ ಕೈಮಗ್ಗ ನೇಯುತ್ತೇನೆ.

ಹೋಗಬಹುದು. ಹೆಚ್ಚಿನವರ ಸೊಂಟ ನೋವಿಗೆ ಎಕ್ಸ್‌ರೇ ಕೂಡ ಬೇಕಾಗುವುದಿಲ್ಲ.

ಫಿಸಿಯೋ ಅಂದ್ರೆ ಸುಮ್ನೆ ಶಾಖ, ಕರೆಂಟ್ ಕೊಡುವವರಲ್ಲ. ಮಗ್ಗದ ಕುಣಿಯಲ್ಲಿ ನೀವು ಹೇಗೆ ಕೂರುತ್ತೀರಿ, ಎಷ್ಟು ಹೊತ್ತಿಗೊಮ್ಮೆ ಏಳುತ್ತೀರಿ, ಯಾವ ಕಾಲಿನಿಂದ ಜಾಸ್ತಿ ತುಳಿಯುತ್ತೀರಿ ಎಂದು ಕೇಳಿ, ಬಗ್ಗಿಸಿ ನೋಡಿ, ನಿಮಗೆ ಹೊಂದುವ ವ್ಯಾಯಾಮ ಕಲಿಸುತ್ತಾರೆ. ಗುಳಿಗೆ ನೋವು ತಗ್ಗಿಸಬಹುದು, ಕೂರುವ ರೀತಿ ಬದಲಿಸುವುದಿಲ್ಲ ಅಲ್ವಾ? ಎರಡು ದಿನ ಮಾಡಿ ಬಿಡಬೇಡಿ, ಕೆಲವು ವಾರ ಬೇಕು.

ಆದರೆ ಕಾಲಿನ ಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ, ಜೊತೆಗೆ ಜ್ವರ ಇದ್ದರೆ, ಬಿದ್ದು ಪೆಟ್ಟಾಗಿದ್ದರೆ ಮೊದಲು ಡಾಕ್ಟರ್ ಹತ್ತಿರ ಹೋಗಿ. ಒಳ್ಳೆಯ ಫಿಸಿಯೋ ಇದನ್ನೇ ಮೊದಲು ವಿಚಾರಿಸಿ, ಅಗತ್ಯವಿದ್ದರೆ ತಾವೇ ಅಲ್ಲಿಗೆ ಕಳಿಸುತ್ತಾರೆ. ನೇಕಾರರ ಊರುಗಳ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ (ಪಿಎಚ್‌ಸಿ) ಇಂಥವರೊಬ್ಬರು ಇರಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.