ರಕ್ತ ಕೊಟ್ಟವರಿಗೆ ಫಲಿತಾಂಶ ತಲುಪಿತೇ?

ಪ್ರಶ್ನೆ: ನಾನು ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶಾಲಾ ಶಿಕ್ಷಕಿ. ಹತ್ತಿರದ ಜೇನುಕುರುಬ ಆದಿವಾಸಿಗಳ ಹಾಡಿಯಲ್ಲಿ, ಅಂದರೆ ಅವರ ಪುಟ್ಟ ಊರಿನಲ್ಲಿ, ಗೆಳೆಯರೊಂದಿಗೆ ಸೇರಿ ಮೂರು ಆರೋಗ್ಯ ಶಿಬಿರ ನಡೆಸಿದೆ. ಖಾಸಗಿ ಆಸ್ಪತ್ರೆಯೊಂದು ವೈದ್ಯರನ್ನು ಕಳಿಸಿತು, ಇಲಾಖೆಯವರು ಔಷಧಿ ಕೊಟ್ಟರು. ಮೊದಲ ಸಲ ಎಂಬತ್ತು ಜನ ಬಂದರೆ, ಮೂರನೇ ಸಲ ಹನ್ನೊಂದು. ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಯ ಪರೀಕ್ಷೆಗೆ ಕರೆದರಂತೂ ಯಾರೂ ಬರುವುದಿಲ್ಲ. ಇಷ್ಟು ಜನ ಕೈಜೋಡಿಸಿದರೂ ಹೀಗೇಕೆ?

ಉತ್ತರ: ಮೇಡಂ, ಕೈಜೋಡಿಸಿದವರ ನಿಮ್ಮ ಪಟ್ಟಿಯಲ್ಲಿ ಹಾಡಿಯವರೇ ಕಾಣುತ್ತಿಲ್ಲ. ತೊಡಕು ಅಲ್ಲಿಂದಲೇ ಶುರುವಾಗಿದೆ ಎನ್ನಿಸುತ್ತದೆ.

ಹಿಂದೆ ಒಂದು ಹಾಡಿಯಲ್ಲಿ ಸಿರಿಂಜು ಹಿಡಿದು ಕೂತಿದ್ದಾಗ ತಾಯಿಯೊಬ್ಬಳು ಕೇಳಿದ್ದಳು: ‘ಹೋದ್ ವರ್ಸನೂ ರಕ್ತ ತಕೊಂಡೋದ್ರಲ್ಲ ಸಾ, ಅದ್ರಲ್ಲಿ ಏನಿತ್ತು?’ ಅವಳಿಗೆ ಯಾರೂ ಫಲಿತಾಂಶ ಹೇಳಿರಲಿಲ್ಲ. ನನ್ನಲ್ಲೂ ಉತ್ತರವಿರಲಿಲ್ಲ. ಆ ದಿನ ಪರೀಕ್ಷೆ ನಿಲ್ಲಿಸಿ, ಹಳೆಯ ವರದಿ ಹುಡುಕಲು ಹೊರಟೆವು. ನಿಮ್ಮ ಹಾಡಿಯಲ್ಲೂ ಮೊದಲು ಇದನ್ನೇ ವಿಚಾರಿಸಿ.

ಸಿಕಲ್ ಸೆಲ್ ಒಂದು ದಿನದ ಶಿಬಿರಕ್ಕೆ ಬಗ್ಗುವ ಕಾಯಿಲೆಯಲ್ಲ. ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಮಗು ಕೈಕಾಲು ನೋವೆಂದು ಅಳುತ್ತದೆ, ಸುಸ್ತಾಗುತ್ತದೆ, ಶಾಲೆ ತಪ್ಪಿಸುತ್ತದೆ. ನಿಮ್ಮ ತರಗತಿಯಲ್ಲೇ ಅಂಥವರಿರಬಹುದು, ಸೋಮಾರಿ ಎಂದು ಬೈಯುವ ಮುನ್ನ ನೆನಪಿಡಿ. ಈ ಕಾಯಿಲೆಯ ವಂಶವಾಹಿ ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಬಂದಿದ್ದರೆ ಅವರು ವಾಹಕರು, ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಶೇ 25. ಇದನ್ನು ಅವರ ಮಾತಿನಲ್ಲಿ ತಿಳಿಸಿ ಹೇಳದೆ ಬರೀ ಫಲಿತಾಂಶದ ಕಾರ್ಡು ಹಂಚಿದರೆ, ಹೆಣ್ಣುಮಕ್ಕಳ ಮದುವೆ ಮುರಿಯುತ್ತದೆಂಬ ಭಯ ಹುಟ್ಟುತ್ತದೆ. ಕಾಯಿಲೆಯಿರುವ ಅನೇಕರಿಗೆ ಹೈಡ್ರಾಕ್ಸಿಯೂರಿಯಾ ಮಾತ್ರೆ ನಿತ್ಯ ಬೇಕು, ಆಗಾಗ ರಕ್ತಪರೀಕ್ಷೆಯೂ ಬೇಕು. 2023ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ಅಭಿಯಾನದಡಿ ಏಳು ಕೋಟಿ ಜನರನ್ನು ಪರೀಕ್ಷಿಸುವ ಗುರಿ ಇಡಲಾಗಿತ್ತು. ಆದರೆ ಪರೀಕ್ಷೆಯ ಮರುದಿನದಿಂದ ಮಾತ್ರೆ ಎಲ್ಲಿ ಸಿಗುತ್ತದೆ ಎಂಬುದೇ ಹಾಡಿಗೆ ಮುಖ್ಯ.

ಸಹಭಾಗಿತ್ವ ಫಲಿಸಿದ ಕಡೆಗಳೂ ಇವೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆರಂಭಿಸಿದರು. ಮುಂದೆ ಅಲ್ಲಿನ ಸೋಲಿಗ ಆದಿವಾಸಿಗಳ ಹೆಣ್ಣುಮಕ್ಕಳೇ ತರಬೇತಿ ಪಡೆದು ತಮ್ಮ ಪೋಡುಗಳ, ಅಂದರೆ ಹಾಡಿಗಳ, ಆರೋಗ್ಯ ನೋಡಿಕೊಳ್ಳುವಂತಾಯಿತು. ನೀಲಗಿರಿಯ ಗೂಡಲೂರಿನಲ್ಲಿ 1990ರಲ್ಲಿ ಆದಿವಾಸಿ ಆಸ್ಪತ್ರೆ ತೆರೆಯುವ ಮೊದಲೇ ಊರುಗಳಲ್ಲಿ ಆದಿವಾಸಿ ಆರೋಗ್ಯ ಕಾರ್ಯಕರ್ತೆಯರು ಸಿದ್ಧರಾಗಿದ್ದರು. ಅಲ್ಲಿನ ನರ್ಸುಗಳಲ್ಲೂ ಆದಿವಾಸಿ ಮಹಿಳೆಯರಿದ್ದಾರೆ. ವಾರ್ಡಿನಲ್ಲಿ ತಮ್ಮ ಭಾಷೆ ಕೇಳಿದರೆ ಬಾಣಂತಿಗೆ ಎಷ್ಟು ಧೈರ್ಯ ಬರುತ್ತದೆ ಎಂಬುದನ್ನು ನಾನು ಹೇಳಬೇಕಿಲ್ಲ.

ಹಾಗಾಗಿ ನಾಲ್ಕನೇ ಶಿಬಿರವನ್ನು ಸದ್ಯಕ್ಕೆ ಬಿಡಿ. ಹಾಡಿಯ ಯಜಮಾನರ ಜೊತೆ, ಮುಖ್ಯವಾಗಿ ಹೆಂಗಸರ ಜೊತೆ, ಒಂದು ಸಂಜೆ ಕೂತು ಅವರು ಹೇಳುವುದನ್ನು ಕೇಳಿಸಿಕೊಳ್ಳಿ. ಕಾಫಿ ಕೊಯ್ಲಿಗೆ ಕೊಡಗಿನ ತೋಟಗಳ ಲೈನ್ ಮನೆಗಳಿಗೆ (ಕೂಲಿಯವರ ಸಾಲು ಮನೆ) ಹೋದವರಿಗೆ ಹಾಡಿಯಲ್ಲಿ ಮಾತ್ರೆ ಕೊಡುತ್ತೇವೆಂದರೆ ಏನು ಪ್ರಯೋಜನ? ಅವರು ಯಾವ ತಿಂಗಳು ಎಲ್ಲಿರುತ್ತಾರೆಂದು ಬರೆದುಕೊಂಡು ತಾಲ್ಲೂಕು ಆರೋಗ್ಯಾಧಿಕಾರಿಗೆ ಕೊಡಿ, ಅಲ್ಲಿನ ಆಸ್ಪತ್ರೆಯಲ್ಲೂ ಮಾತ್ರೆ ಸಿಗುವಂತೆ ಕೇಳಿ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ವರ್ಷಕ್ಕೆ 10,000 ರೂಪಾಯಿಯ ಮುಕ್ತ ನಿಧಿ (ಊರಿನ ಅಗತ್ಯ ನೋಡಿ ಸಮಿತಿಯೇ ಖರ್ಚು ಮಾಡಬಹುದಾದ ಹಣ) ನಿಗದಿಯಾಗಿದೆ. ಆ ಸಮಿತಿಯಲ್ಲಿ ಹಾಡಿಯವರು ಇದ್ದಾರೆಯೇ ನೋಡಿ. ನೆರವಿಗೆ ಬಂದ ಆಸ್ಪತ್ರೆಯವರಿಗೆ, ಬಸ್ಸು ತುಂಬ ವೈದ್ಯರನ್ನು ಕಳಿಸುವ ಖರ್ಚಿನಲ್ಲಿ ಹಾಡಿಯ ಇಬ್ಬರು ಹುಡುಗಿಯರನ್ನು ಪಿಯುಸಿ, ಆಮೇಲೆ ನರ್ಸಿಂಗ್ ಓದಿಸಲು ಸಾಧ್ಯವೇ ಎಂದು ಕೇಳಿ. ಹತ್ತನೇ ತರಗತಿ ಮುಗಿಸಲಿರುವ ಅಂಥ ಹುಡುಗಿಯರು ಯಾರೆಂದು ಶಿಕ್ಷಕಿಯಾದ ನಿಮಗೇ ಚೆನ್ನಾಗಿ ಗೊತ್ತು.