ಇಬ್ಬರ ಆಟವನ್ನು ಒಬ್ಬನೇ ಆಡಿದಾಗ

14 ವರ್ಷದ ಮಗನಿಗೆ ವಿಡಿಯೋ ಗೇಮಿನ ಚಟ ಹತ್ತಿದೆ, ಹೇಗಾದರೂ ಮಾಡಿ ಬಿಡಿಸಿಕೊಡಿ ಎಂದು ತಾಯಿಯೊಬ್ಬರು ಆಪ್ತಸಲಹೆಗೆ ಬಂದಿದ್ದರು. ಅವರ ಮತ್ತು ಮಗನ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ ಇಲ್ಲವೇ ಕೈಬಿಟ್ಟಿದ್ದೇನೆ.

ಚಟ ಎಂಬ ಮಾತನ್ನೇ ಮೊದಲು ಪರಿಶೀಲಿಸಬೇಕಿತ್ತು. 2022ರ ಜನವರಿಯಿಂದ ಜಾರಿಯಲ್ಲಿರುವ, ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೇ ಆವೃತ್ತಿಯಲ್ಲಿ ಗೇಮಿಂಗ್ ಅಸ್ವಸ್ಥತೆಗೆ ಪ್ರತ್ಯೇಕ ಸ್ಥಾನವಿದೆ. ಆದರೆ ದಿನಕ್ಕೆ ಎಷ್ಟು ಗಂಟೆ ಆಡುತ್ತಾರೆ ಎಂಬುದು ಅಲ್ಲಿ ಅಳತೆಗೋಲಲ್ಲ. ಆಟದ ಮೇಲಿನ ಹಿಡಿತ ತಪ್ಪಿರಬೇಕು, ಉಳಿದ ಆಸಕ್ತಿಗಳಿಗಿಂತಲೂ ದಿನನಿತ್ಯದ ಕೆಲಸಗಳಿಗಿಂತಲೂ ಆಟವೇ ಮೇಲಾಗಿರಬೇಕು, ಹಾನಿಯಾಗುತ್ತಿದ್ದರೂ ಆಟ ಮುಂದುವರಿಯುತ್ತಲೋ ಹೆಚ್ಚುತ್ತಲೋ ಇರಬೇಕು. ಇದರಿಂದ ಓದು, ಕುಟುಂಬ, ಒಡನಾಟಗಳಿಗೆ ಗಣನೀಯ ಪೆಟ್ಟು ಬಿದ್ದಿರಬೇಕು ಮತ್ತು ಸಾಮಾನ್ಯವಾಗಿ 12 ತಿಂಗಳಾದರೂ ಹೀಗೆ ನಡೆದಿರಬೇಕು. ಹುಡುಗನ ನಿದ್ದೆ, ಶಾಲೆ, ಗೆಳೆತನ ಎಲ್ಲವನ್ನೂ ವಿಚಾರಿಸಿದೆ. ಆ ಲಕ್ಷಣಗಳಲ್ಲಿ ಯಾವುದೂ ಅವನಿಗೆ ಅನ್ವಯಿಸುತ್ತಿರಲಿಲ್ಲ. ಪರೀಕ್ಷೆಯ ದಿನಗಳಲ್ಲಿ ಅವನು ತಾನಾಗಿಯೇ ಆಟ ನಿಲ್ಲಿಸುತ್ತಿದ್ದ.

ಇದನ್ನು ತಿಳಿಸಿದಾಗ ತಾಯಿಗೆ ಸಮಾಧಾನವಾಗುವ ಬದಲು ಕಣ್ಣು ತುಂಬಿತು. "ಜೊತೆಗೆ ಆಡು ಬಾ ಅಂತ ಅವನೇ ಕರೆದಿದ್ದ. ಈಗ ನಾನು ಪಕ್ಕದಲ್ಲಿ ಕೂತರೂ ಅವನಿಗೆ ಬೇಡ" ಎಂದರು. ಹುಡುಗನನ್ನು ಪ್ರತ್ಯೇಕವಾಗಿ ಕೇಳಿದೆ. "ಅಮ್ಮಂಗೆ ಇಷ್ಟ ಇಲ್ಲ, ನನಗೋಸ್ಕರ ಸುಮ್ಮನೆ ಕೂತ್ಕೋತಾಳೆ" ಎಂದ. ಇಬ್ಬರೂ ಹೇಳುತ್ತಿದ್ದುದು ಒಂದೇ ಆಟದ ವಿಷಯ ಎಂದು ಗೊತ್ತಾದ ಮೇಲೆ, ಮುಂದಿನ ಭೇಟಿಗೆ ಆ ಆಟವಿರುವ ಲ್ಯಾಪ್‌ಟಾಪನ್ನೇ ತರಲು ಹೇಳಿದೆ.

ಅದು ಫಿನ್ಲೆಂಡಿನ ಫ್ರೋಜನ್‌ಬೈಟ್ ಸಂಸ್ಥೆ 2011ರಲ್ಲಿ ಹೊರತಂದ 'ಟ್ರೈನ್ 2' ಎಂಬ ಸಾಹಸದ ಆಟ. ಅದರಲ್ಲಿ ಮೂವರು ನಾಯಕರು: ಗಾಳಿಯಲ್ಲಿ ಪೆಟ್ಟಿಗೆ ಸೃಷ್ಟಿಸಿ ವಸ್ತುಗಳನ್ನು ಮೇಲೆತ್ತಬಲ್ಲ ಮಾಂತ್ರಿಕ ಅಮೇಡಿಯಸ್, ಕತ್ತಿ ಗುರಾಣಿ ಹಿಡಿದ ಯೋಧ ಪಾಂಟಿಯಸ್, ಬಿಲ್ಲಿನ ಜೊತೆಗೆ ಕೊಕ್ಕೆಹಗ್ಗವೂ ಇರುವ ಕಳ್ಳಿ ಜೋಯಾ. ಒಬ್ಬರೇ ಮೂವರನ್ನೂ ಬದಲಿಸಿಕೊಂಡು ಆಡಬಹುದು, ಇಲ್ಲವೇ ಮೂರು ಜನರವರೆಗೆ ಸೇರಿ ಆಡಬಹುದು. ಅಲ್ಲಿನ ಹೆಚ್ಚಿನ ಅಡೆತಡೆಗಳಿಗೆ ಇದೇ ಸರಿಯಾದ ಉತ್ತರ ಎಂಬುದಿಲ್ಲ. ಒಂದು ಕಂದಕವನ್ನು ಹಗ್ಗಕ್ಕೆ ಜೋತು ದಾಟಬಹುದು, ಪೆಟ್ಟಿಗೆ ಇಟ್ಟು ಹತ್ತಬಹುದು, ಮಾಂತ್ರಿಕನು ಎತ್ತಿಹಿಡಿದ ಹಲಗೆಯ ಮೇಲೆ ನಿಂತು ತೇಲಿಕೊಂಡೂ ಹೋಗಬಹುದು. ಇಬ್ಬರ ನಡುವಿನ ಸಂಬಂಧವನ್ನು ನೋಡುವುದಕ್ಕೆ ಇಂಥ ಆಟ ಬಹಳ ಒಳ್ಳೆಯದು. ದಾರಿ ಹಲವಿರುವಾಗ ಯಾರ ದಾರಿ ನಡೆಯುತ್ತದೆ ಎಂಬುದು ಬೇಗ ಕಾಣುತ್ತದೆ.

ತಾಯಿ ಮೌಸ್ ಹಿಡಿದು ಮಾಂತ್ರಿಕನಾದರು, ಮಗ ಕಂಟ್ರೋಲರ್ ಹಿಡಿದು ಜೋಯಾ ಆದ. ಮೌಸ್‌ನಿಂದ ತೆರೆಯ ಮೇಲೆ ಚೌಕ ಎಳೆದರೆ ಪೆಟ್ಟಿಗೆ ಮೂಡುತ್ತದೆ. ಅವರ ಮೊದಲ ಚೌಕ ಸೊಟ್ಟಗಾಗಿ ಕೂಡಲಿಲ್ಲ. ಎರಡನೆಯದನ್ನು ಎಳೆಯುತ್ತಿರುವಾಗಲೇ ಮಗ ಮೇಲಿನ ಮರದ ತೊಲೆಗೆ ಹಗ್ಗ ಬೀಸಿ ಆಚೆ ದಡದಲ್ಲಿದ್ದ. "ಬಾ ಅಮ್ಮ, ಹಾರು" ಎಂದ. ಅವರು ಹಾರಿ ಮುಳ್ಳಿನ ಮೇಲೆ ಬಿದ್ದರು. ಈ ಆಟದಲ್ಲಿ ಸತ್ತವರು, ದಾರಿಯಲ್ಲಿ ಅಲ್ಲಲ್ಲಿ ಇರುವ ಚೆಕ್‌ಪಾಯಿಂಟ್ ಎಂಬ ತಾಣವನ್ನು ಜೊತೆಗಾರರು ಮುಟ್ಟಿದಾಗ ಅಲ್ಲಿ ಮತ್ತೆ ಜೀವ ಪಡೆಯುತ್ತಾರೆ. ಮಗ ಒಬ್ಬನೇ ಉಳಿದ ದಾರಿಯನ್ನೆಲ್ಲ ಓಡಿ ಮುಂದಿನ ಚೆಕ್‌ಪಾಯಿಂಟ್ ಮುಟ್ಟಿದ, ಅಲ್ಲಿ ತಾಯಿ ಎದ್ದು ನಿಂತರು. "ನೋಡು, ದಾಟಿಸಿದೆ!" ಎಂದು ಅವನು ನಿಜವಾದ ಖುಷಿಯಿಂದಲೇ ಹೇಳಿದ. ಅವರು ಮೌಸ್ ಬಿಟ್ಟು ಕೈಯನ್ನು ಮಡಿಲಲ್ಲಿ ಇಟ್ಟುಕೊಂಡರು. ಆ ಹಂತ ಮುಗಿಯುವವರೆಗೂ ಹೆಚ್ಚುಕಡಿಮೆ ಇದೇ ನಡೆಯಿತು. ಹಂತ ಮುಗಿದಿತ್ತು, ಆದರೆ ಅದರಲ್ಲಿ ತಾಯಿ ಆಡಿದ್ದೇನೂ ಇರಲಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ದಾರಿಯಲ್ಲಿ ಸಿಗುವ ಹೊಳೆಯುವ ಅನುಭವದ ಗುಂಡುಗಳು 50 ಸೇರಿದಾಗ ಹೊಸ ವಿದ್ಯೆ ಪಡೆಯಲು ಬಳಸುವ ಒಂದು ಕೌಶಲದ ಅಂಕ ಸಿಗುತ್ತದೆ ಮತ್ತು ಆ ಅಂಕಗಳು ಮೂವರು ನಾಯಕರಿಗೂ ಸೇರಿದ ಒಂದೇ ಗಂಟು. ಅಷ್ಟೂ ಅಂಕಗಳು ಜೋಯಾಳ ಬಾಣಗಳಿಗೇ ಹೋಗಿದ್ದವು. ಮಾಂತ್ರಿಕನು ಹಲಗೆ ಸೃಷ್ಟಿಸುವ ವಿದ್ಯೆಯನ್ನು ಯಾರೂ ಪಡೆದಿರಲಿಲ್ಲ. ಒಂದೇ ಒಂದು ಪೆಟ್ಟಿಗೆಯಲ್ಲಿ ಏಗುತ್ತಿದ್ದ ತಾಯಿಗೆ, ತನಗೂ ಅದರಲ್ಲಿ ಪಾಲಿದೆ ಎಂಬುದೇ ಗೊತ್ತಿರಲಿಲ್ಲ. ಮಗ ಅದನ್ನು ಕಸಿದುಕೊಂಡಿದ್ದ ಎನ್ನಲಾರೆ. ಅಮ್ಮನಿಗೂ ಬೇಕಾಗಬಹುದು ಎಂದು ಅವನಿಗೆ ಹೊಳೆದಿರಲಿಲ್ಲ, ಅಷ್ಟೆ.

ತಾಯಿಯ ಪಾಲೂ ಇದರಲ್ಲಿತ್ತು. ಪ್ರತಿ ಸಲ ಬಿದ್ದಾಗಲೂ ಅವರು "ನಂಗೆ ಇದೆಲ್ಲ ಬರಲ್ಲ, ನೀನೇ ಮಾಡು" ಎನ್ನುತ್ತಿದ್ದರು. ನಾಚಿಕೆಯಿಂದ ಬಂದ ಆ ಮಾತು ಮಗನ ಕಿವಿಗೆ ಬೇಸರದ ಮಾತಾಗಿ ಬೀಳುತ್ತಿತ್ತು. ಒಳಗಿನಿಂದ ಹುಟ್ಟುವ ಆಸಕ್ತಿ ಉಳಿಯಬೇಕಾದರೆ ಸ್ವಂತ ಆಯ್ಕೆ, ಕೈಲಾಗುತ್ತದೆಂಬ ಭಾವ ಮತ್ತು ಆಪ್ತತೆ ಈ ಮೂರೂ ಬೇಕು ಎಂಬುದು ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಅವರ ಸಿದ್ಧಾಂತ. ಈ ತಾಯಿ ಆಪ್ತತೆಗಾಗಿಯೇ ಆಡಲು ಕೂತಿದ್ದರು, ಆದರೆ ಉಳಿದೆರಡು ಅವರ ಕೈಯಿಂದ ಜಾರಿಹೋಗಿದ್ದರಿಂದ ಆಪ್ತತೆಯೂ ನಿಲ್ಲಲಿಲ್ಲ.

ಇಂಥ ಸಂದರ್ಭದಲ್ಲಿ ಮಗನೇ ಗುರುವಾಗಿ ಕಲಿಸಲಿ ಎಂದು ಸೂಚಿಸುವುದುಂಟು. ನಾನು ಹಾಗೆ ಹೇಳಲಿಲ್ಲ. ಅವನು ಆಗಲೇ ಸಾಕಷ್ಟು ಹೇಳಿಕೊಡುತ್ತಿದ್ದ; ಅವನಿಗೆ ಬೇಕಿದ್ದುದು ಕಾಯುವ ಅಭ್ಯಾಸ. ಆದ್ದರಿಂದ ಅಮ್ಮ ಬಿದ್ದರೆ ಮುಂದಕ್ಕೆ ಓಡದೆ, ಹಿಂದಿನ ಚೆಕ್‌ಪಾಯಿಂಟಿಗೆ ಮರಳಿ ಅವರನ್ನು ಎಬ್ಬಿಸಿ, ಅದೇ ಜಾಗವನ್ನು ಇಬ್ಬರೂ ಸೇರಿ ದಾಟಬೇಕು ಎಂದು ಅವನಿಗೆ ಹೇಳಿದೆ. ಅಮ್ಮ ಚೌಕ ಎಳೆಯುತ್ತಿರುವಾಗ ಕಂಟ್ರೋಲರನ್ನು ಕೆಳಗಿಡಬೇಕು, ಕೇಳದೆ ಸುಳಿವು ಕೊಡಬಾರದು. ಒಬ್ಬನೇ ಆಡುವ ಆಸೆಯಾದರೆ ಬೇರೆಯಾಗಿ ಶುರುಮಾಡಿ ಆಡಲಿ, ಇಬ್ಬರದ್ದನ್ನು ಮುಟ್ಟದಿರಲಿ. ಕೌಶಲದ ಅಂಕಗಳನ್ನು ಹಿಂಪಡೆದು ಮತ್ತೆ ಹಂಚಲು ಈ ಆಟದಲ್ಲಿ ಅವಕಾಶವಿದೆ. ಅದನ್ನು ಇಬ್ಬರೂ ಕೂತು ಮಾತಾಡಿ ಮಾಡಬೇಕು, ಮೊದಲ ಮಾತು ಅಮ್ಮನದಾಗಿರಬೇಕು.

ತಾಯಿಗೆ ಕೊಟ್ಟ ಸಲಹೆ ಚಿಕ್ಕದಾದರೂ ಅವರಿಗೆ ಅದೇ ಕಷ್ಟವೆನಿಸಿತು. "ನೀನೇ ಮಾಡು" ಎನ್ನುವ ಜಾಗದಲ್ಲಿ "ಸ್ವಲ್ಪ ತಾಳು, ನೋಡ್ತೀನಿ" ಎನ್ನಬೇಕು. ಮಗ ಮನೆಯಲ್ಲಿಲ್ಲದಾಗ ಚೌಕ ಎಳೆಯುವುದನ್ನು ರೂಢಿ ಮಾಡಿಕೊಳ್ಳಬೇಕು. ಶತ್ರುಗಳ ಕಾಟ ಹೆಚ್ಚೆನಿಸಿದರೆ ಸುಲಭದ ಮಟ್ಟ ಆರಿಸಿಕೊಳ್ಳಲು ಸಂಕೋಚ ಬೇಡ. ಜೊತೆಗೆ, ಗಡಿಯಾರ ನೋಡಿ ನಡುವೆಯೇ ಆಟ ನಿಲ್ಲಿಸುವ ರೂಢಿಯನ್ನು ಬಿಟ್ಟು, ಇವತ್ತು ಎಲ್ಲಿಯವರೆಗೆ ಎಂದು ಕೂರುವ ಮೊದಲೇ ಇಬ್ಬರೂ ಮಾತಾಡಿಕೊಳ್ಳುವಂತೆ ತಿಳಿಸಿದೆ.

ಅವರು ಮುಗಿಸಿದ್ದ ಹಂತಗಳನ್ನೇ ಮೊದಲಿನಿಂದ ಆಡತೊಡಗಿದರು. ಶುರುವಿನಲ್ಲಿ ಸುಗಮವಾಗಿರಲಿಲ್ಲ. ಕಾಯುವುದು ಸಾಕಾಗಿ ಮಗ ಒಂದು ದಿನ ಸಿಡುಕಿ ಎದ್ದುಹೋದ, ತಾಯಿ ಮತ್ತೆ ನನಗೆ ಫೋನ್ ಮಾಡಿದರು. ಅವನ ಹಿಂದೆ ಹೋಗಿ ರಮಿಸಬೇಡಿ, ಮಾರನೆಯ ದಿನ ಅದೇ ಜಾಗದಿಂದ ಕರೆಯಿರಿ ಎಂದೆ. ಮುಂದಿನ ಭೇಟಿಯಲ್ಲಿ ಮಗನೇ ಮಾತು ತೆಗೆದ: ತಾನು ಹಗ್ಗ ಬೀಸಲು ತೊಲೆ ಹುಡುಕುತ್ತಿದ್ದಾಗ ಅಮ್ಮ ಹಲಗೆ ಮಾಡಿ, ಅದರ ಮೇಲೆ ನಿಂತುಕೋ ಎಂದು ಎತ್ತಿ ದಾಟಿಸಿದಳಂತೆ, ಆ ಉಪಾಯ ತನಗೆ ಹೊಳೆದೇ ಇರಲಿಲ್ಲವಂತೆ. ತಾಯಿ ಅವನನ್ನು ತಡೆದು, ಹಲಗೆ ಎರಡು ಸಲ ವಾಲಿ ಅವನನ್ನು ಕೆಡವಿದ್ದನ್ನೂ ಹೇಳಿದರು.

ಗೆಳೆಯರ ಜೊತೆ ಆನ್‌ಲೈನಿನಲ್ಲಿ ಆಡುವಾಗ ಅಮ್ಮ ಹಿಂದೆ ನಿಂತು ಮಾತಾಡಬಾರದು ಎಂದು ಮಗ ಕೇಳಿಕೊಂಡ, ಅವರು ಒಪ್ಪಿದರು. ನಿದ್ದೆ ಕೆಟ್ಟು ಶಾಲೆಗೆ ತೊಂದರೆಯಾದರೆ, ಅಥವಾ ನಿಲ್ಲಿಸಬೇಕೆಂದುಕೊಂಡರೂ ನಿಲ್ಲಿಸಲಾಗದೆ ಹೋದರೆ ತಡಮಾಡದೆ ಬರಬೇಕು, ಆಗ ಮೊದಲಿನಿಂದ ಪರಿಶೀಲಿಸೋಣ ಎಂದು ಇಬ್ಬರಿಗೂ ತಿಳಿಸಿ ಭೇಟಿಗಳನ್ನು ಸದ್ಯಕ್ಕೆ ನಿಲ್ಲಿಸಿದ್ದೇನೆ.